ಸಮ್ಮೇಳನಕ್ಕೆ ಬಂದವರು ಕೆರೆ ಏರಿಯ ಮೇಲೆ

ಈಚಿನ ವರ್ಷಗಳಲ್ಲಿ ವೃತ್ತಿಪರ ಸಮ್ಮೇಳನಗಳ ಆಹ್ವಾನಪತ್ರಿಕೆಯಲ್ಲಿ ಒಂದು ಹೊಸ ಸಾಲು ಕಾಣಿಸಿಕೊಳ್ಳುತ್ತಿದೆ. ಉದ್ಘಾಟನೆ, ಪ್ರಬಂಧ ಮಂಡನೆ, ವಿಚಾರಗೋಷ್ಠಿ, ಸಾಂಸ್ಕೃತಿಕ ಸಂಜೆ ಇವುಗಳ ನಡುವೆ ಒಂದು ಬೆಳಗಿನ ಹೊತ್ತು ‘ಶ್ರಮದಾನ’ ಅಥವಾ ‘ಗಿಡ ನೆಡುವ ಕಾರ್ಯಕ್ರಮ’ ಇರುತ್ತದೆ. ಸಮ್ಮೇಳನ ಬೆಂಗಳೂರಿನಲ್ಲಾದರೆ ಅದು ನಡೆಯುವ ಜಾಗ ಬಹುಪಾಲು ಯಾವುದಾದರೊಂದು ಕೆರೆಯೇ. ನಾನು ಸಿವಿಲ್ ಎಂಜಿನಿಯರ್. ಚರಂಡಿ, ಕಾಲುವೆ, ಮೋರಿಗಳ ವಿನ್ಯಾಸವೇ ನನ್ನ ಹೊಟ್ಟೆಪಾಡು. ಇಂಥ ಕಾರ್ಯಕ್ರಮಗಳಿಗೆ ಅತಿಥಿಯಾಗಿಯೂ ಹೋಗಿದ್ದೇನೆ, ಸಂಘಟಕರ ಸಾಲಿನಲ್ಲೂ ನಿಂತಿದ್ದೇನೆ. ಅವು ಬೇಕೆಂಬುದೇ ನನ್ನ ಅಭಿಪ್ರಾಯ. ಆದರೆ ಅತಿಥಿಗಳಿಗೆ ಒಗ್ಗುವ ಕೆಲಸವನ್ನು ಹುಡುಕುವ ಬದಲು, ಆ ಕೆರೆಯನ್ನು ವರ್ಷವಿಡೀ ನೋಡಿಕೊಳ್ಳುವವರು ಯಾವ ಕೆಲಸ ಕೇಳುತ್ತಾರೋ ಅದನ್ನು ಮಾಡಬೇಕು.

ಗಿಡ ನೆಡುವುದನ್ನೇ ನೋಡಿ. ನಮ್ಮಲ್ಲಿ ಸಮ್ಮೇಳನಗಳ ಸುಗ್ಗಿ ನವೆಂಬರ್‌ನಿಂದ ಫೆಬ್ರವರಿಯವರೆಗೆ. ಬೆಂಗಳೂರಿಗೆ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಜನವರಿ, ಫೆಬ್ರವರಿಯಲ್ಲಿ ನಾಲ್ಕು ಹನಿ ಬಿದ್ದರೆ ಪುಣ್ಯ. ಜನವರಿಯಲ್ಲಿ ನೆಟ್ಟ ಹೊಂಗೆ ಸಸಿ ಮುಂಗಾರಿನ ಮುಂಚಿನ ಮಳೆಯವರೆಗೆ ಜೀವ ಹಿಡಿದುಕೊಳ್ಳಬೇಕಾದರೆ ಯಾರಾದರೂ ಬಿಂದಿಗೆಯಲ್ಲೋ ಟ್ಯಾಂಕರಿನಲ್ಲೋ ನೀರು ತಂದು ಹಾಕುತ್ತಿರಬೇಕು. ಸಸಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡವರು ಆಗ ತಮ್ಮ ತಮ್ಮ ಊರುಗಳಲ್ಲಿರುತ್ತಾರೆ. ನೀರು ಹಾಕುವ ಜವಾಬ್ದಾರಿ ಕೆರೆಯ ಕಾವಲುಗಾರನ ತಲೆಗೆ ಬೀಳುತ್ತದೆ. ಜೂನ್‌ನಲ್ಲಿ ಅದೇ ಗುಂಡಿಯಲ್ಲಿ ಬೇರೊಂದು ಸಂಸ್ಥೆ ಬೇರೊಂದು ಸಸಿಯನ್ನು ನೆಡುತ್ತದೆ, ಏಕೆಂದರೆ ಗುಂಡಿ ಹೇಗೂ ಖಾಲಿಯಾಗಿರುತ್ತದೆ.

ಚಳಿಗಾಲದಲ್ಲಿ ಕೆರೆಗೆ ಬೇಕಾದ ಕೆಲಸಗಳೇ ಬೇರೆ. ಸೂಜಿಬಾಲದ ಬಾತುವಿನಂಥ ವಲಸೆ ಹಕ್ಕಿಗಳು ಬಂದಿಳಿದಿರುವ ಕಾಲ ಅದು. 1987ರಲ್ಲಿ ಶುರುವಾದ ಏಷ್ಯಾದ ನೀರುಹಕ್ಕಿಗಳ ಗಣತಿ ಪ್ರತಿವರ್ಷ ಜನವರಿಯಲ್ಲೇ ನಡೆಯುತ್ತದೆ, ಮತ್ತು ಅದಕ್ಕೆ ಕಣ್ಣುಗಳ ಕೊರತೆ ಸದಾ ಇದ್ದೇ ಇದೆ. ಹಕ್ಕಿಯ ಹೆಸರು ಗೊತ್ತಿಲ್ಲದವರು ಗೊತ್ತಿದ್ದವರ ಪಕ್ಕ ಕುಳಿತು ಲೆಕ್ಕ ಬರೆದುಕೊಂಡರೂ ಅದು ಕೆಲಸವೇ. ನೀರಿನ ಮಾದರಿ ತೆಗೆಯುವುದು, ಒಳಹರಿವಿನ ಬಾಯಲ್ಲಿ ಸಿಕ್ಕಿಕೊಂಡ ಕಸ ಯಾವ ಬಗೆಯದು ಎಂದು ವಿಂಗಡಿಸಿ ತೂಗುವುದು, ಏರಿಯ ಮೇಲೆ ಬೇರೂರಿದ ಲಂಟಾನ ಕೀಳುವುದು, ನೀರಿನ ಮೇಲೆ ತೇಲುತ್ತ ಹಬ್ಬುವ ಅಂತರಗಂಗೆಯನ್ನು ಹೂ ಬಿಡುವ ಮೊದಲು ದಡಕ್ಕೆ ಎಳೆಯುವುದು, ಇವೆಲ್ಲ ಮಳೆಗಾಗಿ ಕಾಯದ ಕೆಲಸಗಳು. ಆಹ್ವಾನಪತ್ರಿಕೆಯಲ್ಲಿ ಮಾತ್ರ ಇವು ಅಷ್ಟು ಚೆನ್ನಾಗಿ ಕಾಣುವುದಿಲ್ಲ.

ಕಸ ಹೆಕ್ಕುವುದು ಸುಲಭವೆಂದು ತಿಳಿಯುವವರಿಗೆ ಒಂದು ಮಾತು. ಸಂಘಟಕರು ಸಾಮಾನ್ಯವಾಗಿ ಹಂಚುವುದು ಆಸ್ಪತ್ರೆಯಲ್ಲಿ ಬಳಸುವ ತೆಳು ಕೈಗವಸು. ಕೆರೆಯಂಚಿನ ಕೆಸರಿನಲ್ಲಿ ಹುದುಗಿರುವುದು ಒಡೆದ ಬಾಟಲಿಯ ಚೂರು, ಬಲ್ಬಿನ ಗಾಜು, ತುಕ್ಕು ಹಿಡಿದ ತಂತಿ. ದಪ್ಪ ರಬ್ಬರಿನ ಕೈಗವಸು, ಉದ್ದ ಹಿಡಿಯ ಹಾರೆ, ಗೊಬ್ಬರದ ಚೀಲದಂಥ ಗಟ್ಟಿ ಚೀಲ, ಮೊಣಕಾಲೆತ್ತರದ ಬೂಟು ಇಲ್ಲದೆ ನೀರಂಚಿಗೆ ಇಳಿಯಬಾರದು. ಅದಕ್ಕಿಂತ ಮುಖ್ಯವಾದದ್ದು ತುಂಬಿದ ಚೀಲಗಳ ಮುಂದಿನ ಗತಿ. ಕಸ ಒಯ್ಯುವ ಆಟೋ ಟಿಪ್ಪರ್ ಬರುವ ಹೊತ್ತನ್ನು ವಾರ್ಡಿನವರೊಂದಿಗೆ ಮೊದಲೇ ಮಾತಾಡಿಕೊಳ್ಳದಿದ್ದರೆ ಚೀಲಗಳು ಏರಿಯ ಮೇಲೆಯೇ ಉಳಿದು, ರಾತ್ರಿ ನಾಯಿಗಳು ಹರಿದು, ಮರುದಿನ ಗಾಳಿಗೆ ಅರ್ಧ ಕಸ ಮತ್ತೆ ನೀರು ಸೇರುತ್ತದೆ. ಉಳಿದರ್ಧವನ್ನು ಮತ್ತೆ ಎತ್ತುವವರು ಪೌರಕಾರ್ಮಿಕರು. ಹಿಂದಿನ ದಿನದ ಭಾಷಣದಲ್ಲಿ ಅವರ ಹೆಸರು ಬಂದಿರುವುದಿಲ್ಲ. (2016ರಿಂದಲೇ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಿದ್ದರೂ, ‘ಪ್ಲಾಸ್ಟಿಕ್ ಮುಕ್ತ ಕೆರೆ’ ಎಂಬ ಫ್ಲೆಕ್ಸನ್ನು ಮರಕ್ಕೆ ಮೊಳೆ ಹೊಡೆದು ತೂಗುಹಾಕಿದ್ದನ್ನೂ ನಾನು ಕಂಡಿದ್ದೇನೆ. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.)

ಅತ್ಯುತ್ಸಾಹದಿಂದ ಆಗುವ ಹಾನಿಯೂ ಉಂಟು. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಮೊದಲು ಜೌಗು ಪ್ರದೇಶವನ್ನು ಹಾಯ್ದು, ಆಮೇಲೆ ಕೆರೆ ಸೇರುತ್ತದೆ. ಅಲ್ಲಿನ ಜೊಂಡು ನೀರಿನಲ್ಲಿ ಉಳಿದ ನೈಟ್ರೇಟ್, ಫಾಸ್ಫೇಟ್‌ಗಳನ್ನು ಹೀರಿಕೊಳ್ಳುತ್ತದೆ; ಅದನ್ನು ಕಾಲಕಾಲಕ್ಕೆ ಅಳತೆಯಲ್ಲಿ ಕತ್ತರಿಸಿ ಹೊರಗೆ ಸಾಗಿಸಬೇಕು, ಏಕೆಂದರೆ ಕೊಳೆಯಲು ಬಿಟ್ಟರೆ ಹೀರಿದ್ದೆಲ್ಲ ಮತ್ತೆ ನೀರಿಗೇ ಬರುತ್ತದೆ. ಇಂಥ ಜಾಗಕ್ಕೆ ಹೊರಗಿನವರು ಬಂದರೆ ಅವರ ಕಣ್ಣಿಗೆ ಜೊಂಡೂ ಕಳೆ, ಅಂತರಗಂಗೆಯೂ ಕಳೆ. ಯಾವುದನ್ನು ಮುಟ್ಟಬೇಕು, ಯಾವ ಜೊಂಡಿನ ಮರೆಯಲ್ಲಿ ನಾಮದ ಕೋಳಿಯೆಂಬ ನೀರುಹಕ್ಕಿ ಗೂಡು ಕಟ್ಟಿದೆ, ಎಷ್ಟು ಕತ್ತರಿಸಿ ನಿಲ್ಲಿಸಬೇಕು ಎಂದು ಹೇಳಬಲ್ಲವರು ಆ ಕೆರೆಯ ಸುತ್ತ ದಿನವೂ ನಡೆಯುವವರು. ಜೆ.ಪಿ.ನಗರದ ಪುಟ್ಟೇನಹಳ್ಳಿ ಕೆರೆಗೆ 2010ರಲ್ಲಿ ಅಕ್ಕಪಕ್ಕದ ನಿವಾಸಿಗಳೇ ಸೇರಿ ಟ್ರಸ್ಟ್ ಕಟ್ಟಿಕೊಂಡರು. ಅಂಥ ಗುಂಪುಗಳು ನಗರದಲ್ಲಿ ಹಲವಿವೆ. ಸಂಘಟಕರು ಅವರನ್ನು ಹುಡುಕಿಕೊಂಡು ಹೋಗಬೇಕು. ಕಾರ್ಯಕ್ರಮ ನಿಗದಿಯಾದ ಮೇಲೆ ಅನುಮತಿ ಕೇಳಲು ಹೋದರೆ ಪ್ರಯೋಜನವಿಲ್ಲ.

ಮೊದಲೇ ಹುಡುಕಿಕೊಂಡು ಹೋದಾಗ ಏನಾಗಬಹುದು ಎಂಬುದಕ್ಕೆ ನಗರದ ಅಂಚಿನ ಒಂದು ಕೆರೆಯಲ್ಲಿ ಆದದ್ದನ್ನು ಹೇಳುತ್ತೇನೆ. ನಮ್ಮ ಸಮ್ಮೇಳನದ ಪರವಾಗಿ ಮಾತಾಡಲು ಹೋದಾಗ ಕೆರೆ ಸಮಿತಿಯವರು, “ಕಸ ಹೆಕ್ಕೋಕೆ ನಮ್ಮ ಶಾಲೆ ಮಕ್ಕಳು ಬರ್ತಾರೆ ಸರ್. ನೀವು ಎಂಜಿನಿಯರುಗಳಲ್ವಾ, ರಾಜಕಾಲುವೆ ನೀರು ಜೌಗಿನೊಳಗೆ ಹೋಗದೆ ಸೀದಾ ಕೆರೆಗೆ ಯಾಕೆ ನುಗ್ಗುತ್ತೆ ಅಂತ ನೋಡಿ ಹೇಳಿ” ಎಂದರು. ಬೇರೆ ಬೇರೆ ಊರುಗಳಿಂದ ಬಂದಿದ್ದ ಪ್ರತಿನಿಧಿಗಳು ಬೆಳಗ್ಗೆ ತಿಂಡಿಗೆ ಮುಂಚೆಯೇ ಏರಿಯ ಮೇಲೆ ಮುಕ್ಕಾಲಿ ನಿಲ್ಲಿಸಿ, ಮಟ್ಟ ಅಳೆಯುವ ಆಟೋ ಲೆವೆಲ್ ಉಪಕರಣ ಕೂರಿಸಿ, ಕಾಲುವೆಯ ತಳದಿಂದ ಕೋಡಿಯವರೆಗೆ ಮಟ್ಟ ತೆಗೆಯತೊಡಗಿದರು. ವರ್ಷಗಟ್ಟಲೆ ಕಚೇರಿಯ ಕುರ್ಚಿ ಬಿಡದ ಮುಖ್ಯ ಎಂಜಿನಿಯರ್ ಒಬ್ಬರು ಬೂಟು ಹಾಕಿಕೊಂಡು, ಸ್ಟಾಫ್ ಎಂಬ ಅಳತೆಗೋಲು ಹಿಡಿದು, ಮೂಗು ಮುಚ್ಚಿಕೊಳ್ಳಲು ಕೈಯಿಲ್ಲದೆ ಕಾಲುವೆಯ ನಡುವೆ ನಿಂತಿದ್ದರು. ಲೆಕ್ಕ ಹಾಕಿ ನೋಡಿದರೆ, ಜೌಗಿನ ಬಾಯಿಯ ಕಾಂಕ್ರೀಟ್ ಹೊಸ್ತಿಲು ಕಾಲುವೆಯ ತಳಕ್ಕಿಂತ ನಾಲ್ಕು ಬೆರಳು ಎತ್ತರವಿತ್ತು. ಮಳೆಯಿಲ್ಲದ ದಿನಗಳ ತೆಳುವಾದ ಹರಿವು ಅದನ್ನು ಹತ್ತುವಂತೆಯೇ ಇರಲಿಲ್ಲ. ಶುದ್ಧವಾಗಬೇಕಾದ ಕೊಳಚೆಯೆಂದರೆ ಅದೇ ಹರಿವು. ವಿನ್ಯಾಸದಲ್ಲಿ ತಪ್ಪಾಗಿರಬೇಕೆಂದು ನಾವು ತರ್ಕಿಸುತ್ತಿದ್ದಾಗ, ಅಜ್ಜನ ಕಾಲದಲ್ಲಿ ನೀರುಗಂಟಿಕೆ, ಅಂದರೆ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ಕೆಲಸ, ಮಾಡುತ್ತಿದ್ದ ಮನೆತನದ ಹಿರಿಯರೊಬ್ಬರು, “ಹೋದ ಬೇಸಿಗೇಲಿ ಜೆಸಿಬಿ ತಂದು ಹೂಳು ತೆಗೆದ್ರಲ್ಲ, ಆವಾಗ ತಳಾನೂ ಕೆರೆದುಬಿಟ್ರು” ಎಂದರು. ನಮ್ಮ ಅಳತೆಗೆ ಕಾರಣ ಸಿಕ್ಕಿತು, ಅವರ ಮಾತಿಗೆ ಅಳತೆ ಸಿಕ್ಕಿತು. ಆ ಬೆಳಗ್ಗೆ ಕಾಲುವೆಗೆ ಅಡ್ಡಲಾಗಿ ಮರಳಿನ ಮೂಟೆಗಳ ಒಂದು ಗಿಡ್ಡ ಒಡ್ಡು ಹಾಕಿದೆವು. ಮಟ್ಟಗಳನ್ನು ಗುರುತಿಸಿದ ನಕ್ಷೆಯನ್ನು ಸಮಿತಿಯ ಕೈಗೆ ಕೊಟ್ಟೆವು. ಅರ್ಜಿಯ ಜೊತೆ ನಕ್ಷೆ ಇದ್ದರೆ ಕಚೇರಿಯಲ್ಲಿ ಮಾತಿನ ತೂಕವೇ ಬೇರೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ವೃತ್ತಿಯವರು ತಮ್ಮ ವೃತ್ತಿಯ ಕೈಚಳಕವನ್ನೇ ಕೊಡುವ ಈ ಬಗೆ ಹೊಸತೇನೂ ಅಲ್ಲ. 2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ ಅಲ್ಲಿನ ಗ್ರಂಥಾಲಯಗಳೂ ಹಾಳಾದವು. ಅಮೆರಿಕದ ಗ್ರಂಥಾಲಯ ಸಂಘ 2006ರ ತನ್ನ ವಾರ್ಷಿಕ ಸಮ್ಮೇಳನವನ್ನು ಬೇರೆಡೆಗೆ ಒಯ್ಯದೆ ಅಲ್ಲೇ ನಡೆಸಿತು, ಮತ್ತು ಸಮ್ಮೇಳನಕ್ಕೆ ಬಂದ ನೂರಾರು ಗ್ರಂಥಪಾಲಕರು ನಗರದ ಗ್ರಂಥಾಲಯಗಳಲ್ಲೂ ಬಡಾವಣೆಗಳಲ್ಲೂ ಸ್ವಯಂಸೇವಕರಾಗಿ ದುಡಿದರು. ಪುಸ್ತಕ ವಿಂಗಡಿಸಿ ಕಪಾಟಿಗೇರಿಸುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಲೆಕ್ಕಪರಿಶೋಧಕರ ಸಮ್ಮೇಳನವೊಂದು ಒಂದು ಬೆಳಗ್ಗೆ ಕೆರೆ ಟ್ರಸ್ಟ್‌ಗಳ ಲೆಕ್ಕಪತ್ರ, ದೇಣಿಗೆಯ ರಸೀದಿ, ವಾರ್ಷಿಕ ವರದಿಗಳನ್ನು ಸರಿಪಡಿಸಿಕೊಟ್ಟರೆ, ಅವರು ನೆಡುವ ಯಾವ ಸಸಿಗಿಂತಲೂ ಅದು ಹೆಚ್ಚು ಕಾಲ ಬಾಳುತ್ತದೆ.

‘ಇಷ್ಟೆಲ್ಲ ಯಾಕೆ, ವಿಮಾನದ ಖರ್ಚಿನ ಹತ್ತನೇ ಒಂದು ಭಾಗ ಕೊಟ್ಟರೆ ಕೂಲಿಯಾಳುಗಳು ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತಾರಲ್ಲ’ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಕಸ ಎತ್ತುವುದು, ಕಳೆ ಕೀಳುವುದಷ್ಟೇ ಉದ್ದೇಶವಾಗಿದ್ದರೆ ದುಡ್ಡು ಕೊಡುವುದೇ ಮೇಲು. ನೋಂದಣಿ ಶುಲ್ಕದಲ್ಲಿ ಕೆರೆ ಸಮಿತಿಯ ಪಾಲೊಂದನ್ನು ಸೇರಿಸಿದರೂ ಸಾಕು. ಆದರೆ ನನ್ನ ವೃತ್ತಿಯ ಮಟ್ಟಿಗೆ ಬೇರೊಂದು ಬಾಕಿ ಇದೆ. ಬೆಂಗಳೂರಿನ ಒಳಚರಂಡಿಯ ದೊಡ್ಡ ಕೊಳವೆಗಳನ್ನು ಇಳಿಜಾರು ಸಿಗುತ್ತದೆಂದು ಕಣಿವೆಗಳಲ್ಲಿ, ರಾಜಕಾಲುವೆಗಳ ಮಗ್ಗುಲಲ್ಲೇ ಹಾಸಿದವರು ನಾವು. ಅವು ಕಟ್ಟಿಕೊಂಡಾಗ ಮ್ಯಾನ್‌ಹೋಲ್ ಉಕ್ಕಿ ಹರಿಯುವುದು ಆ ಕಾಲುವೆಗೇ, ಅಲ್ಲಿಂದ ಕೆರೆಗೆ. ಕಾಲುವೆಗಳ ಎರಡೂ ಬದಿಗೆ ಕಾಂಕ್ರೀಟ್ ಗೋಡೆ ಎಬ್ಬಿಸಿದ ನಕ್ಷೆಗಳಿಗೆ ಸಹಿ ಹಾಕಿದವರೂ ನಾವೇ. ಆ ನಕ್ಷೆ ಬರೆಯುವವರು ತಾವು ಬರೆದ ನೀರಿನಲ್ಲಿ ಒಂದು ಬೆಳಗಿನ ಮಟ್ಟಿಗಾದರೂ ನಿಂತು ಮಟ್ಟ ತೆಗೆಯಬೇಕು. ಇದಕ್ಕೆ ಕೂಲಿ ಕೊಟ್ಟು ಬೇರೆಯವರನ್ನು ಕಳಿಸಲಾಗದು.

ಮುಂದಿನ ಚಳಿಗಾಲದ ಸಮ್ಮೇಳನಗಳ ತಯಾರಿ ಈಗಲೇ ಶುರುವಾಗಿರುತ್ತದೆ. ಸಂಘಟನಾ ಸಮಿತಿಯಲ್ಲಿರುವ ಗೆಳೆಯರು ಕಾರ್ಯಕ್ರಮ ಪಟ್ಟಿ ಅಚ್ಚಿಗೆ ಹೋಗುವ ಮೊದಲು ಹತ್ತಿರದ ಕೆರೆ ಸಮಿತಿಯವರನ್ನು ಒಮ್ಮೆ ಭೇಟಿಯಾಗಿ, ಶ್ರಮದಾನದ ಸಾಲಿನಲ್ಲಿ ಏನು ಬರೆಯಬೇಕೆಂಬುದನ್ನು ಅವರಿಂದಲೇ ಬರೆಸಿಕೊಳ್ಳಲಿ. ಬರೆಯುವಾಗ ಕೈಗವಸಿನ ಅಳತೆ, ಟಿಪ್ಪರ್ ಬರುವ ಹೊತ್ತು ಎರಡನ್ನೂ ಕೇಳಿಕೊಂಡು ಬರಲಿ.