‘ಸ್ವಲ್ಪ ಈ ಪ್ರಿಂಟರ್ ನೋಡುತ್ತೀರಾ?’

ವಿಶ್ವವಿದ್ಯಾಲಯಗಳ ಕಂಪ್ಯೂಟರ್ ವಿಭಾಗದಲ್ಲಿ ದುಡಿಯುವವರನ್ನು ‘ಇಲ್ಲಿಗೆ ಹೇಗೆ ಬಂದಿರಿ?’ ಎಂದು ಕೇಳಿ ನೋಡಿ. ನೇರ ದಾರಿಯಲ್ಲಿ ಬಂದವರು ಸಿಗುವುದು ಅಪರೂಪ. ನನ್ನ ಪಕ್ಕದ ಮೇಜಿನವರು ಗ್ರಂಥಾಲಯದಲ್ಲಿದ್ದವರು. ಅವರಾಚೆಗಿನವರು ಭೌತಶಾಸ್ತ್ರದ ಪಿಎಚ್‌ಡಿ ಅರ್ಧಕ್ಕೆ ಬಿಟ್ಟವರು. ನಾನು ಪರೀಕ್ಷಾ ವಿಭಾಗದ ಗುಮಾಸ್ತ. ಒಂದು ದಿನ ಮೇಲಧಿಕಾರಿ ‘ಸ್ವಲ್ಪ ಈ ಪ್ರಿಂಟರ್ ನೋಡುತ್ತೀರಾ?’ ಎಂದರು. ನೋಡಿದೆ. ಇಪ್ಪತ್ತೆರಡು ವರ್ಷಗಳಿಂದ ನೋಡುತ್ತಲೇ ಇದ್ದೇನೆ.

ಇದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ. ಎಷ್ಟೋ ಕಾಲೇಜುಗಳು ಇಂದು ಪಾಠಕ್ಕೆ ಬಳಸುವ ಮೂಡಲ್ ಎಂಬ ತಂತ್ರಾಂಶ ಹುಟ್ಟಿದ್ದೂ ಇಂಥದೇ ಮೇಜಿನಿಂದ. ಮಾರ್ಟಿನ್ ಡೂಗಿಯಾಮಸ್ ಆಸ್ಟ್ರೇಲಿಯಾದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ವೆಬ್‌ಸಿಟಿ (WebCT) ಎಂಬ ಅದೇ ಬಗೆಯ ತಂತ್ರಾಂಶದ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಅದು ಸಾಲದೆನಿಸಿ ತಾವೇ ಬೇರೊಂದನ್ನು ಬರೆಯಲು ಕುಳಿತರು. 2002ರಲ್ಲಿ ಮೂಡಲ್‌ನ ಮೊದಲ ಆವೃತ್ತಿ ಹೊರಬಂತು.

ಕಂಪನಿ ಸೇರಿದ ಗೆಳೆಯರ ಸಂಬಳ ನನ್ನದರ ಎರಡರಷ್ಟಿದೆ. ಆ ಮಾತು ಅಲ್ಲಿಗೇ ಇರಲಿ.

ನನ್ನನ್ನು ಕಾಡುವುದು ಬೇರೆ. ಒಮ್ಮೆ ಫಲಿತಾಂಶದ ಹಿಂದಿನ ರಾತ್ರಿ ಸುಮಾರು ನಾನೂರು ವಿದ್ಯಾರ್ಥಿಗಳ ಅಂಕಗಳು ಕಾಣೆಯಾದವು. ಸರ್ವರ್ ಸರಿಯಿತ್ತು, ಡೇಟಾಬೇಸ್ ಸರಿಯಿತ್ತು. ಹೊರಗಿನಿಂದ ಬಂದಿದ್ದ ಪರಿಣತರು ಲಾಗ್‌ಗಳನ್ನು ಜಾಲಾಡುತ್ತಲೇ ಇದ್ದರು. ಆ ನಾನೂರೂ ನೋಂದಣಿ ಸಂಖ್ಯೆಗಳು ಸೊನ್ನೆಯಿಂದ ಶುರುವಾಗುವಂಥವು ಎಂಬುದು ಗುಮಾಸ್ತನಾಗಿ ಕೈಯಲ್ಲಿ ಬರೆದಿದ್ದ ನನಗೆ ಗೊತ್ತಿತ್ತು. ಯಾರೋ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಿದ್ದರು. ಎಕ್ಸೆಲ್ ಅವನ್ನು ಬರೀ ಸಂಖ್ಯೆಯೆಂದು ತಿಳಿದು ಮೊದಲ ಸೊನ್ನೆಯನ್ನು ನುಂಗಿಬಿಟ್ಟಿತ್ತು. ಹಾಗಾಗಿ ಅಂಕಗಳು ಯಾರವೆಂದು ಹೊಂದಿಕೆಯಾಗಲಿಲ್ಲ. ಸರಿಪಡಿಸಲು ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷಕ್ಕೆ ಬೇಕಾದ ತಿಳಿವಳಿಕೆ ಯಾವ ಪ್ರಮಾಣಪತ್ರದಲ್ಲಿಯೂ ಇರುವುದಿಲ್ಲ.

ಇಂಥ ತಿಳಿವಳಿಕೆ ಬೆಳೆಯಲು ಹತ್ತು ಹದಿನೈದು ವರ್ಷ ಬೇಕು. ಅದು ಬೆಳೆದ ಹೊತ್ತಿಗೆ ಸರಿಯಾಗಿ ಸಂಸ್ಥೆ ನಮಗೆ ಬಡ್ತಿ ಕೊಡುತ್ತದೆ. ಬಡ್ತಿಯೆಂದರೆ ಸರ್ವರ್‌ನಿಂದ ದೂರ ಕೂರುವುದು: ಸಭೆ, ಬಜೆಟ್, ಟೆಂಡರ್, ರಜೆ ಅರ್ಜಿಗಳಿಗೆ ಸಹಿ. ಪಾಠ ಮಾಡುವವರು ಪಾಠ ಮಾಡುತ್ತಲೇ ಪ್ರಾಧ್ಯಾಪಕರಾಗಬಹುದು, ವಿಭಾಗದ ಮುಖ್ಯಸ್ಥರಾಗಲೇಬೇಕೆಂದಿಲ್ಲ. ಅದೇ ಕಟ್ಟಡದ ತಂತ್ರಜ್ಞರಿಗೆ ಮಾತ್ರ ಬಹುತೇಕ ಕಡೆ ಆ ಮೆಟ್ಟಿಲೇ ಇಲ್ಲ. ಮೇಲೇರಬೇಕೆಂದರೆ ಕೆಲಸ ಬಿಡಬೇಕು. ಕೆಲಸ ಬೇಕೆಂದರೆ ಇದ್ದಲ್ಲೇ ಇರಬೇಕು. ನಾನು ಮೇಲೇರಿದೆ. ಮನೆಯ ಖರ್ಚಿತ್ತು, ಸುಳ್ಳೇಕೆ ಹೇಳಲಿ? ಈಗ ನನ್ನ ಪಾಸ್‌ವರ್ಡ್‌ಗೆ ಯಾವ ಸರ್ವರ್‌ನ ಬಾಗಿಲೂ ತೆರೆಯುವುದಿಲ್ಲ.

ಕಳೆದ ವಾರ ಹೊಸಬಳೊಬ್ಬಳು ಸೇರಿದಳು. ಸಸ್ಯಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದವಳು. ಸಭೆಗೆ ಹೊರಟಿದ್ದ ನನ್ನನ್ನು ತಡೆದು, ‘ಸರ್, ನೋಂದಣಿ ಸಂಖ್ಯೆಯ ಕಾಲಂ ಅನ್ನು ಸಂಖ್ಯೆ ಎಂದು ಇಡದೆ ಪಠ್ಯ ಎಂದು ಏಕೆ ಇಟ್ಟಿದ್ದಾರೆ?’ ಎಂದು ಕೇಳಿದಳು.

ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಸಭೆಯವರು ಎರಡು ಸಲ ಫೋನ್ ಮಾಡಿದರು.