ಸ್ಪೆಕ್ಟ್ರಲ್ ಕ್ಯಾಮೆರಾ ಬೆರಳಚ್ಚಿನ ಮಾಲೀಕರ ಹೆಸರು ಹೇಳುವುದಿಲ್ಲ

‘ಸ್ಪೆಕ್ಟ್ರಲ್ ಕ್ಯಾಮೆರಾದಲ್ಲಿ ಒಂದು ಫೋಟೊ ತೆಗೆದರೆ ಸಾಕು, ಬೆರಳಚ್ಚು ಯಾರದ್ದು, ಯಾವಾಗ ಬಿದ್ದದ್ದು ಎಲ್ಲ ಗೊತ್ತಾಗುತ್ತದೆ’ ಎಂಬ ಮೆಸೇಜ್ ಹರಿದಾಡುತ್ತಿದೆ. ಇದು ತಪ್ಪು.

ಈ ಕ್ಯಾಮೆರಾ ಒಂದೇ ಜಾಗವನ್ನು ಬೆಳಕಿನ ಹತ್ತಾರು, ಕೆಲವೊಮ್ಮೆ ನೂರಾರು ತರಂಗಾಂತರಗಳಲ್ಲಿ ಸೆರೆಹಿಡಿಯುತ್ತದೆ. ಬಣ್ಣಬಣ್ಣದ ಚಿತ್ರವಿರುವ ಕಾಗದದ ಮೇಲೆ ಬೆರಳಿನ ಗೆರೆ ಕಾಣುವುದೇ ಕಷ್ಟ ಅಲ್ವಾ? ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಹಾಕಿದರೆ ಅದು ಬೆವರಿನ ಅಮೈನೊ ಆಮ್ಲದ ಜೊತೆ ಸೇರಿ ನೇರಳೆ ಬಣ್ಣ ಕೊಡುತ್ತದೆ. ಆ ನೇರಳೆ ಬಣ್ಣ ಬೆಳಕನ್ನು ಹೀರುವ ರೀತಿಯೇ ಬೇರೆ, ಮುದ್ರಣದ ಶಾಯಿಯದ್ದೇ ಬೇರೆ. ಈ ವ್ಯತ್ಯಾಸ ಹಿಡಿದು ಸಾಫ್ಟ್‌ವೇರ್ ಹಿನ್ನೆಲೆಯನ್ನು ಮಸುಕಾಗಿಸಿ ಗೆರೆಗಳನ್ನು ಎತ್ತಿ ತೋರಿಸುತ್ತದೆ. ನಿಜಕ್ಕೂ ದೊಡ್ಡ ಸಹಾಯ.

ಆದರೆ ಯಾರದ್ದು ಎಂದು ತಿಳಿಯಲು ಹೋಲಿಸಿ ನೋಡುವುದಕ್ಕೆ ಇನ್ನೊಂದು ಬೆರಳಚ್ಚು ಬೇಕೇ ಬೇಕು. ಬಿದ್ದ ಸಮಯವನ್ನಂತೂ ಖಚಿತವಾಗಿ ಹೇಳಲಾಗದು. ಬೆವರಿನ ಪ್ರಮಾಣ, ಬಿಸಿ, ತೇವ, ಮೇಲ್ಮೈ ಬದಲಾದಂತೆ ಗುರುತು ಹಳತಾಗುವ ವೇಗವೂ ಬದಲಾಗುತ್ತದೆ.