ಫಿಲ್ಟರ್ ಮನೆಯ ವರ್ಷದ ತಿಥಿ

ನಮ್ಮೂರ ಫಿಲ್ಟರ್ ಮನೆ ತೀರಿಕೊಂಡು ಐದು ತಿಂಗಳಾದ ಮೇಲೆ ಅದರ ಯೋಗಕ್ಷೇಮ ವಿಚಾರಿಸಲು ಬೆಂಗಳೂರಿನಿಂದ ಒಂದು ಕಾರು ಬಂತು. ಊರು ಚಳ್ಳಕೆರೆ ಸೀಮೆಯದು. ಹೆಸರು ಬೇಡ, ಹೇಳಿದರೆ ಇನ್ನೊಂದು ಕಾರು ಬರುತ್ತೆ.

ಫಿಲ್ಟರ್ ಮನೆ ಅಂದರೆ ಶುದ್ಧ ಕುಡಿಯುವ ನೀರಿನ ಘಟಕ. ಐದು ರೂಪಾಯಿ ಕಾಯಿನ್ ಹಾಕಿದರೆ ಒಂದು ಕ್ಯಾನ್ ನೀರು. ಚಿತ್ರದುರ್ಗ ಜಿಲ್ಲೆಯ ಬೋರ್‌ವೆಲ್ಲುಗಳ ಫ್ಲೋರೈಡ್ ಬಗ್ಗೆ ಲ್ಯಾಬಿನವರನ್ನು ಕೇಳಬೇಕಾಗಿಲ್ಲ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಬಾರದು ಅಂತ ಸರ್ಕಾರಿ ಕಾಗದದಲ್ಲಿದೆ. ದಾಟಿದೆ ಅಂತ ನಮ್ಮವರ ಹಲ್ಲಿನಲ್ಲಿದೆ, ಕಂದು ಬಣ್ಣದಲ್ಲಿ. ಇದನ್ನು ಕಂಡು ಒಂದು ಕಂಪನಿಯ ಕರುಳು ಚುರುಕ್ ಅಂದಿತು. ತಾನಾಗಿ ಅಂದಿತೋ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಲೇಬೇಕು ಅನ್ನುವ 2013ರ ಕಂಪನಿ ಕಾಯ್ದೆಯ 135ನೇ ಕಲಂ ಅನ್ನಿಸಿತೋ, ಆ ಚರ್ಚೆ ಬೇಡ. ಅಂತೂ ಸುತ್ತಲಿನ ಹಳ್ಳಿಗಳಿಗೆಲ್ಲ ಸೇರಿ ಕೋಟಿ ದಾಟಿದ ಯೋಜನೆ ಬಂತು. ರಿಬ್ಬನ್ ಕತ್ತರಿಸಿದ ದಿನ ಕುಡಿದ ನೀರು ಎಳನೀರಿನಂತಿತ್ತು, ಸುಳ್ಳು ಹೇಳಬಾರದು.

ಎಂಟು ತಿಂಗಳಿಗೆ ನೀರು ಸೋಸುವ ಪೊರೆ, ಅದೇ ಮೆಂಬ್ರೇನ್, ಕಟ್ಟಿಕೊಂಡಿತು. ಬದಲಾಯಿಸೋರು ಯಾರು? ಕಂಪನಿಯವರು 'ಪಂಚಾಯ್ತಿಗೆ ಒಪ್ಪಿಸಿ ಆಯ್ತಲ್ಲ' ಅಂದರು. ಪಂಚಾಯ್ತಿಯವರು 'ಕಾಗದ ಬಂದಿಲ್ಲ' ಅಂದರು. ನೀರುಗಂಟಿ ಮಾತ್ರ ನೇರ ಮನುಷ್ಯ: 'ಕೀಲಿ ನನ್ನತ್ರ ಐತೆ, ಬೇಕಾದ್ರೆ ತಗಳ್ರಿ.'

ಹಾಗಾದರೆ ಈಗ ಕಾರು ಬಂದಿದ್ದೇಕೆ? 2021ರಲ್ಲಿ ತಿದ್ದಿದ ನಿಯಮದ ಪ್ರಕಾರ, ಸಮಾಜಕ್ಕೆ ಖರ್ಚು ಮಾಡುವ ಈ ಬಾಬ್ತಿಗೆ (ಸಿಎಸ್‌ಆರ್ ಅಂತ ಅದರ ಹೆಸರು) ಸರಾಸರಿ 10 ಕೋಟಿ ಅಥವಾ ಅದಕ್ಕಿಂತ ಹೆಚ್ಚು ಕೊಡಬೇಕಾದ ಕಂಪನಿಗಳು ತಮ್ಮ ಒಂದು ಕೋಟಿ ಮತ್ತು ಅದಕ್ಕೆ ಮೇಲ್ಪಟ್ಟ ಯೋಜನೆಗಳ ಪರಿಣಾಮವನ್ನು ಹೊರಗಿನವರಿಂದ ಅಳೆಸಬೇಕು. ಯಾವಾಗ? ಯೋಜನೆ ಮುಗಿದು ಕನಿಷ್ಠ ಒಂದು ವರ್ಷ ಆಗಿರಬೇಕು. ನಿಯಮ ಬರೆದವರು ಸಂಪ್ರದಾಯಸ್ಥರಿರಬೇಕು. ಇದು ಸಾಕ್ಷಾತ್ ವರ್ಷದ ತಿಥಿ. ಪಟ ತೆಗೀತಾರೆ, ನಾಲ್ಕು ಜನರನ್ನು ಕೂರಿಸಿ ಊಟ ಹಾಕ್ತಾರೆ, ಹೋದವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನೋದು ಎಲ್ಲರಿಗೂ ಗೊತ್ತಿರುತ್ತೆ. ಮಾಡಿಸೋ ಶಾಸ್ತ್ರಿಗಳಿಗೆ ದಕ್ಷಿಣೆ ಕೊಡೋರೂ ಮನೆಯವರೇ.

ದಕ್ಷಿಣೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಅಳೆಯುವ ಖರ್ಚಿಗೂ ಮಿತಿ ಇದೆ. 2021ರಲ್ಲಿ ಅದು ಆ ವರ್ಷದ ಒಟ್ಟು ಸಿಎಸ್‌ಆರ್ ಖರ್ಚಿನ ಶೇ 5 ಅಥವಾ 50 ಲಕ್ಷ, ಯಾವುದು ಕಡಿಮೆಯೋ ಅದು. 2022ರ ಸೆಪ್ಟೆಂಬರಿನಲ್ಲಿ ತಿದ್ದಿ ಶೇ 2 ಅಥವಾ 50 ಲಕ್ಷ ಮಾಡಿದರು, ಯಾವುದು ಹೆಚ್ಚೋ ಅದು. ಐದು ಎರಡಾಯಿತಲ್ಲ ಅಂತ ಮರುಗಬೇಡಿ, 'ಕಡಿಮೆಯೋ' ಹೋಗಿ 'ಹೆಚ್ಚೋ' ಬಂದದ್ದನ್ನು ನೋಡಿ. ಮೆಂಬ್ರೇನಿಗೆ ಇಷ್ಟು ಅಂತ ಎತ್ತಿಡಬೇಕು ಅನ್ನೋ ಒಂದು ಸಾಲನ್ನು ನಾನು ನಿಯಮದಲ್ಲಿ ಹುಡುಕಿದೆ. ಕಣ್ಣು ನೋವು ಬಂತು.

ಟ್ಯಾಬ್ ಹಿಡಿದ ಹುಡುಗ ಮೊದಲು ಸಿಕ್ಕ ನಮ್ಮ ದೊಡ್ಡವ್ವನನ್ನೇ ಕಟ್ಟೆ ಮೇಲೆ ಕೂರಿಸಿಕೊಂಡ.

'ಅಮ್ಮಾ, ಘಟಕಕ್ಕೆ ಒಂದರಿಂದ ಐದರೊಳಗೆ ಎಷ್ಟು ಕೊಡ್ತೀರಾ?'

'ಐದೇ ಕಣಪ್ಪಾ. ಮೊದ್ಲಿಂದ್ಲೂ ಐದೇ ಕೊಡ್ತಿದ್ದಿದ್ದು.'

ಹುಡುಗ ಖುಷಿಯಿಂದ ಐದು ಒತ್ತಿದ.

'ಕಡೇ ಸಲ ಕೊಟ್ಟಿದ್ದು ಹಂಗೇ ನುಂಗ್ಕಂತು ನೋಡು. ನೀರೂ ಇಲ್ಲ, ಕಾಯಿನ್ನೂ ಇಲ್ಲ.'

ಅಷ್ಟರಲ್ಲಿ ಟ್ಯಾಬು ಮುಂದಿನ ಪ್ರಶ್ನೆಗೆ ಹೋಗಿತ್ತು.

'ಘಟಕ ಬರೋ ಮುಂಚೆ ಕುಡಿಯೋ ನೀರು ತರೋಕೆ ಎಷ್ಟೊತ್ತು ಹಿಡೀತಿತ್ತು?'

'ಹೊಲದ ಬಾವಿಗೆ ಹೋಗಿ ಬರಾಕೆ ಒಂದು ತಾಸು.'

'ಈಗ?'

'ಈಗೆಲ್ಲಿ ಹೋಗ್ಲಿ, ಮೊಣಕಾಲು ಹಿಡ್ಕಂಡೈತೆ. ಹೋಗೋದೇ ಬಿಟ್ಟೀನಿ. ಮನೆ ಮುಂದ್ಲ ನಲ್ಲೀಲಿ ಏನ್ ಬತ್ತೈತೋ ಅದೇ.'

ಹುಡುಗ 'ಸೊನ್ನೆ' ಅಂತ ಬರೆದುಕೊಂಡ. ಅಂದರೆ ದಿನಕ್ಕೆ ಒಂದು ತಾಸು ಉಳಿತಾಯ. ಆ ತಾಸನ್ನು ಉದ್ಯೋಗ ಖಾತ್ರಿ ಕೂಲಿಗೆ ಗುಣಿಸಿ, ಊರಿನ ಹೆಂಗಸರಿಗೆಲ್ಲ ಗುಣಿಸಿ, ವರ್ಷಕ್ಕೆ ಗುಣಿಸಿ, ಬಂದದ್ದನ್ನು ಹಾಕಿದ ಬಂಡವಾಳದಿಂದ ಭಾಗಿಸಿದರೆ ಅದಕ್ಕೆ ಬಂಡವಾಳದ ಸಾಮಾಜಿಕ ಪ್ರತಿಫಲ ಅಂತ ಹೆಸರು. ಕಂಪನಿ ಹಾಕಿದ ಪ್ರತಿ ರೂಪಾಯಿಗೂ ಸಮಾಜಕ್ಕೆ ಹಲವು ರೂಪಾಯಿ ಬಂದಿದೆಯಂತೆ. ದೊಡ್ಡವ್ವನ ಮೊಣಕಾಲು ಇನ್ನಷ್ಟು ಹಿಡಿದುಕೊಂಡಿದ್ದರೆ ಲೆಕ್ಕ ಇನ್ನೂ ಮೇಲೇರುತ್ತಿತ್ತು.

ಘಟಕ ಬರುವ ಮುಂಚಿನ ಸ್ಥಿತಿಯನ್ನೂ ಅವತ್ತೇ ಕೇಳಿಕೊಂಡರು, ಆಗ ಯಾರೂ ಕೇಳಿರಲಿಲ್ಲವಲ್ಲ. ಮಕ್ಕಳಾದ ಮೇಲೆ ಜಾತಕ ಕೂಡಿಸಿದ ಹಾಗೆ.

ಇವರ ಕೈಗೆ ಒನಕೆ ಓಬವ್ವ ಸಿಕ್ಕಿದ್ದರೆ ಏನಾಗುತ್ತಿತ್ತು ಅಂತ ಯೋಚಿಸುತ್ತಿದ್ದೆ. ಬಳಸಿದ ಸಾಮಗ್ರಿ: ಒನಕೆ ಒಂದು, ಅದೂ ಮನೆಯದೇ. ಕಾರ್ಯಕ್ಷೇತ್ರ: ಕಿಂಡಿ ಒಂದು. ಫಲಾನುಭವಿಗಳು: ಇಡೀ ಕೋಟೆ. ಆದರೂ ಉದ್ಘಾಟನೆಯ ಪಟ ಲಗತ್ತಿಸಿಲ್ಲ. 1779ರಲ್ಲಿ ಕೋಟೆ ಹೈದರಾಲಿಯ ಪಾಲಾದ್ದರಿಂದ ಯೋಜನೆ ಸುಸ್ಥಿರವಲ್ಲ ಅಂತ ಷರಾ ಬಿದ್ದಿರುತ್ತಿತ್ತು.

ಸಮೀಕ್ಷೆ ಮಧ್ಯಾಹ್ನಕ್ಕೇ ಮುಗಿಯಿತು. ಕಾರು ಬೆಂಗಳೂರಿನ ಕಡೆ ತಿರುಗದೆ ದಾವಣಗೆರೆ ಕಡೆ ಹೋಯಿತು, ಬೆಣ್ಣೆದೋಸೆ ತಿನ್ನಲು. ಇದಕ್ಕೆ ನನ್ನ ಆಕ್ಷೇಪಣೆ ಇಲ್ಲ. ಹಾಕಿದ ಬೆಣ್ಣೆಯ ಪರಿಣಾಮ ಎಲೆ ಮೇಲೆಯೇ ಕಾಣುವ ಯೋಜನೆ ಅದೊಂದೇ.

ಎರಡು ತಿಂಗಳಿಗೆ ವರದಿ ಪಂಚಾಯ್ತಿಗೆ ಬಂತು. ಹೊಳೆಯುವ ಕಾಗದ, ಮದುವೆ ಆಲ್ಬಮ್ಮಿನಷ್ಟು ತೂಕ. ಮುಖಪುಟದಲ್ಲಿ ನಮ್ಮ ದೊಡ್ಡವ್ವ ಬಿಂದಿಗೆ ಹಿಡಿದು ಬಾಯ್ತುಂಬ ನಗುತ್ತಿದ್ದಾಳೆ. ಚಿಕ್ಕಂದಿನಲ್ಲಿ ಫ್ಲೋರೈಡ್ ನೀರು ಕುಡಿದು ಕಂದುಗಟ್ಟಿದ ಹಲ್ಲು ಆಮೇಲೆ ಎಂಥ ಶುದ್ಧ ನೀರು ಕುಡಿದರೂ ಬೆಳ್ಳಗಾಗುವುದಿಲ್ಲ. ಆದರೆ ಪಟದಲ್ಲಿ ಅಷ್ಟೂ ಹಲ್ಲು ಮಲ್ಲಿಗೆ ಮೊಗ್ಗು. ಪ್ರೆಸ್ಸಿನಲ್ಲಿ ಯಾರೋ ಕಂಪ್ಯೂಟರಿನಲ್ಲಿ ಕೂತು ಒಂದೊಂದಾಗಿ ತೊಳೆದಿದ್ದಾರೆ.

ನಾನು ಅದನ್ನು ಮನೆಗೆ ಒಯ್ದು ತೋರಿಸಿದೆ. ದೊಡ್ಡವ್ವ ಕನ್ನಡಕ ಏರಿಸಿ, ವರದಿಯನ್ನು ಬೆಳಕಿಗೆ ಹಿಡಿದು, ತುಂಬಾ ಹೊತ್ತು ನೋಡಿದಳು.

'ಯಾವೂರವ್ಳೋ ಈಯಮ್ಮ? ನಂದೇ ಸೀರೆ ಉಟ್ಕಂಡವ್ಳೆ.'